‘ಹುಷಾರಾಗಿರಿ’ ಅಂದರೆ ಸಾಕಾ? ಕಟ್ಟಡ ಕೆಲಸದ ಅಪಾಯಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಸಣ್ಣ ಕಂಟ್ರಾಕ್ಟರ್. ಈಗ ಮೂರು ಅಂತಸ್ತಿನ ಕಟ್ಟಡವೊಂದರ ಕೆಲಸ ನಡೆಯುತ್ತಿದೆ. ಎಲ್ಲರಿಗೂ ಹೆಲ್ಮೆಟ್, ಬೂಟು, ಗ್ಲೌಸ್ ಕೊಟ್ಟಿದ್ದೇನೆ. ಹುಷಾರಾಗಿ ಕೆಲಸ ಮಾಡಿ ಅಂತ ದಿನಾ ಬೆಳಿಗ್ಗೆ ಹೇಳುತ್ತೇನೆ. ಆದರೂ ಹೋದ ತಿಂಗಳು ಪ್ಲಾಸ್ಟರಿಂಗ್ ಮಾಡುತ್ತಿದ್ದ ಒಬ್ಬರು ಸಾರ್ವೆಯಿಂದ ಬಿದ್ದು ಕಾಲು ಮುರಿದುಕೊಂಡರು. ಎಲ್ಲರಿಗೂ ಸೇಫ್ಟಿ ಬೆಲ್ಟ್ ತರಿಸೋಣ ಅಂದುಕೊಂಡಿದ್ದೇನೆ. ಅಷ್ಟು ಸಾಕಾ? ಬೀಳುವುದು ಬಿಟ್ಟರೆ ಬೇರೆ ಯಾವುದಕ್ಕೆ ಗಮನ ಕೊಡಬೇಕು? ಕೆಲವರಿಗೆ ಕೆಮ್ಮು ಇದೆ, ಇನ್ನು ಕೆಲವರ ಕೈ ಚರ್ಮ ಸುಲಿಯುತ್ತಿದೆ.

ಉತ್ತರ: ಹೆಲ್ಮೆಟ್ ಕೊಟ್ಟಿರಿ, ದಿನಾ ಎಚ್ಚರಿಸಿದಿರಿ, ಆದರೂ ಅವರು ಬಿದ್ದರು. ಅವರು ನಿಂತಿದ್ದ ಹಲಗೆ ಎಷ್ಟು ಅಗಲ ಇತ್ತು? ಪಕ್ಕದಲ್ಲಿ ರೇಲಿಂಗ್ ಇತ್ತಾ? ಹಲಗೆಯ ತುದಿ ಕಟ್ಟಿದ್ದರಾ? ಇದ್ಯಾವುದನ್ನೂ ನೀವು ಬರೆದಿಲ್ಲ. ನಿಮ್ಮೊಬ್ಬರ ಮಾತಲ್ಲ ಇದು. ಅಪಘಾತ ಆದ ಕೂಡಲೇ ಎಲ್ಲರೂ ಬಿದ್ದವರನ್ನು ನೋಡುತ್ತಾರೆ, ಬಿದ್ದ ಜಾಗವನ್ನು ಯಾರೂ ನೋಡುವುದಿಲ್ಲ.

ಹುಷಾರಾಗಿರಿ ಅನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಎಂಟು ಗಂಟೆ ಮೈಮುರಿದು ದುಡಿಯುವವರು ಎಂಟು ಗಂಟೆಯೂ ಎಚ್ಚರವಾಗಿರಲು ಆಗುವುದಿಲ್ಲ. ಸುಸ್ತಾಗುತ್ತದೆ, ಮನೆಯ ಚಿಂತೆ ಇರುತ್ತದೆ, ಸಂಜೆಯೊಳಗೆ ಗೋಡೆ ಮುಗಿಸಬೇಕೆಂಬ ಒತ್ತಡ ಇರುತ್ತದೆ. ಕಾಲು ಜಾರಿಯೇ ಜಾರುತ್ತದೆ. ಜಾರಿದರೂ ಜೀವ ಹೋಗದ ಹಾಗೆ ಜಾಗ ಸಿದ್ಧಮಾಡಿ ಕೊಡುವುದು ನಿಮ್ಮ ಕೆಲಸ. ಕೆಲಸದ ಸುರಕ್ಷತೆ ನೋಡಿಕೊಳ್ಳುವ ತಜ್ಞರು ಒಂದು ಕ್ರಮ ಪಾಲಿಸುತ್ತಾರೆ. ಮೊದಲು ಅಪಾಯವನ್ನೇ ತೆಗೆದುಹಾಕಲು ಆಗುತ್ತದಾ ನೋಡುವುದು. ಆಗದಿದ್ದರೆ ಕಡಿಮೆ ಅಪಾಯದ ವಿಧಾನ ಹುಡುಕುವುದು. ಅದೂ ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ತಡೆ ಹಾಕುವುದು. ಆಮೇಲೆ ತರಬೇತಿ, ನಿಯಮ. ಹೆಲ್ಮೆಟ್, ಬೆಲ್ಟ್, ಮಾಸ್ಕ್ ಬರುವುದು ಕೊನೆಗೆ. ಬಹಳಷ್ಟು ಸೈಟುಗಳಲ್ಲಿ ಕೊನೆಯದರಿಂದ ಶುರುಮಾಡಿ ಅಲ್ಲೇ ನಿಲ್ಲಿಸಿಬಿಡುತ್ತಾರೆ.

ಬೆಲ್ಟ್ ವಿಷಯಕ್ಕೆ ಬರೋಣ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಆದರೆ ತರಿಸಲೇಬೇಡಿ. ಬಿದ್ದಾಗ ಇಡೀ ಏಟು ಸೊಂಟ, ಹೊಟ್ಟೆ, ಬೆನ್ನುಮೂಳೆಯ ಮೇಲೆ ಬೀಳುತ್ತದೆ. ತೊಡೆ, ಭುಜ, ಎದೆ ಸುತ್ತ ಬರುವ ಪೂರ್ತಿ ಹಾರ್ನೆಸ್ ಬೇಕು. ಅದಕ್ಕೂ ಒಂದು ಲೆಕ್ಕ ಇದೆ. ಹಗ್ಗ 1.8 ಮೀಟರ್ ಇರುತ್ತದೆ. ಬಿದ್ದಾಗ ಏಟು ತಡೆಯುವ ಭಾಗ ಬಿಚ್ಚಿಕೊಂಡು ಒಂದು ಮೀಟರಿಗಿಂತ ಜಾಸ್ತಿ ಉದ್ದ ಆಗುತ್ತದೆ. ಅದರ ಕೆಳಗೆ ಮನುಷ್ಯನ ದೇಹ. ಎಲ್ಲ ಸೇರಿದರೆ ಕೊಕ್ಕೆ ಸಿಕ್ಕಿಸಿದ ಜಾಗದಿಂದ ಕೆಳಗೆ ಸುಮಾರು 5.5ರಿಂದ 6 ಮೀಟರ್ ಖಾಲಿ ಜಾಗ ಬೇಕು. ಮೊದಲ ಮಹಡಿಯ ಎತ್ತರದಲ್ಲಿ ಕಾಲ ಹತ್ತಿರದ ಪೈಪಿಗೆ ಕೊಕ್ಕೆ ಹಾಕಿದವರು ಹಾರ್ನೆಸ್ ಹಾಕಿಕೊಂಡೇ ನೆಲಕ್ಕೆ ಬೀಳುತ್ತಾರೆ. ಜೊತೆಗೆ, ಹಾರ್ನೆಸ್‌ನಲ್ಲಿ ನೇತಾಡುವವರನ್ನು ಕೆಲವೇ ನಿಮಿಷಗಳಲ್ಲಿ ಇಳಿಸಬೇಕು. ತೊಡೆಯ ಪಟ್ಟಿ ಒತ್ತಿ, ರಕ್ತ ಕಾಲಲ್ಲೇ ನಿಂತು ಜೀವಕ್ಕೆ ಅಪಾಯವಾಗುತ್ತದೆ. ಹೇಗೆ ಇಳಿಸುತ್ತೀರಿ ಅನ್ನುವುದಕ್ಕೆ ಉತ್ತರ ಇಲ್ಲದಿದ್ದರೆ ಹಾರ್ನೆಸ್ ಕೊಡುವ ಮಾತು ಅರ್ಧಕ್ಕೆ ನಿಂತ ಹಾಗೆ.

ಆದ್ದರಿಂದ ಮೂರು ಅಂತಸ್ತಿನ ಕಟ್ಟಡದಲ್ಲಿ ಮೊದಲ ದುಡ್ಡು ಸಾರ್ವೆಗೆ ಹೋಗಲಿ. 3 ಮೀಟರ್ ಎತ್ತರದಿಂದ ಬಿದ್ದರೆ ನೆಲ ತಲುಪಲು ಮುಕ್ಕಾಲು ಸೆಕೆಂಡು ಸಾಕು. ಅಷ್ಟರಲ್ಲಿ ವೇಗ ಗಂಟೆಗೆ 27 ಕಿಲೋಮೀಟರ್ ಆಗಿರುತ್ತದೆ. ಕೈ ಚಾಚಿ ಏನನ್ನಾದರೂ ಹಿಡಿದುಕೊಳ್ಳಲು ಸಮಯವೇ ಇರುವುದಿಲ್ಲ. ಸಾರ್ವೆಯಲ್ಲಿ ಹಲಗೆಗಳು ಪೂರ್ತಿ ಅಗಲಕ್ಕೆ, ಸಂದು ಬಿಡದೆ ಇರಬೇಕು. ಹಲಗೆಯ ತುದಿ ಆಧಾರದ ಆಚೆಗೆ ತುಂಬಾ ಚಾಚಿಕೊಂಡಿದ್ದರೆ ಅದರ ಮೇಲೆ ಕಾಲಿಟ್ಟವರ ಸಮೇತ ಮಗುಚುತ್ತದೆ. ತೀರಾ ಕಡಿಮೆ ಇದ್ದರೆ ಜಾರಿ ಕಳಚುತ್ತದೆ. 15ರಿಂದ 30 ಸೆಂಟಿಮೀಟರ್ ಚಾಚಿರಲಿ, ಕಟ್ಟಿಯೂ ಇರಲಿ. ಸುಮಾರು ಒಂದು ಮೀಟರ್ ಎತ್ತರಕ್ಕೆ ರೇಲಿಂಗ್, ಅದರ ಅರ್ಧಕ್ಕೆ ಇನ್ನೊಂದು ಅಡ್ಡಕಂಬಿ, ಕಾಲ ಬಳಿ ಇಟ್ಟಿಗೆ ಚೂರು ಉರುಳದ ಹಾಗೆ ಅಡ್ಡ ಪಟ್ಟಿ ಹಾಕಿಸಿ. ಬುಡ ಮೆತ್ತಗಿನ ಮಣ್ಣಲ್ಲಿ ಹೂಳದಂತೆ ತಟ್ಟೆ ಅಥವಾ ದಪ್ಪ ಹಲಗೆ ಇಡಿ. ಇಟ್ಟಿಗೆ ತುಂಡುಗಳ ಮೇಲೆ ಕಂಬ ನಿಲ್ಲಿಸುವುದು ಬೇಡವೇ ಬೇಡ. ಸಾರ್ವೆಯನ್ನು ಕಟ್ಟಡಕ್ಕೆ ಕಟ್ಟಿರಬೇಕು. ಪ್ಲಾಸ್ಟರಿಂಗ್‌ಗೆ ಅಡ್ಡ ಬಂತು ಅಂತ ಆ ಕಟ್ಟು ಬಿಚ್ಚಿ, ಮತ್ತೆ ಕಟ್ಟದೆ ಬಿಡುವುದು ತುಂಬಾ ಸಾಮಾನ್ಯ. ಜೋರು ಮಳೆ, ಗಾಳಿ ಬಂದ ಮಾರನೆಯ ದಿನ ಯಾರೂ ಹತ್ತುವ ಮೊದಲು ತಿಳಿದವರೊಬ್ಬರು ಪೂರ್ತಿ ಪರೀಕ್ಷಿಸಬೇಕು.

ಬೀಳುವ ಇನ್ನೊಂದು ಜಾಗ ಸ್ಲ್ಯಾಬಿನಲ್ಲಿ ಬಿಟ್ಟ ತೂತುಗಳು. ಲಿಫ್ಟ್ ಗುಂಡಿ, ಪೈಪ್ ಡಕ್ಟ್, ಮೆಟ್ಟಿಲಿಗೆ ಬಿಟ್ಟ ಜಾಗ. ಹೆಚ್ಚಿನವರು ಮೇಲೆ ಒಂದು ಪ್ಲೈವುಡ್ ಹಾಳೆ ಇಟ್ಟು ಮುಚ್ಚಿದೆವು ಅನ್ನುತ್ತಾರೆ. ಇದರಿಂದ ಆಗುವ ಸಾವು ವಿಚಿತ್ರವಾಗಿರುತ್ತದೆ. ಸ್ವಚ್ಛ ಮಾಡುವವರೊಬ್ಬರು ನೆಲದ ಮೇಲೆ ಸುಮ್ನೆ ಬಿದ್ದಿರುವ ಪ್ಲೈವುಡ್ ನೋಡುತ್ತಾರೆ. ಎರಡೂ ಕೈಯಲ್ಲಿ ಎತ್ತಿ ಹಿಡಿದು ಒಂದು ಹೆಜ್ಜೆ ಮುಂದಿಡುತ್ತಾರೆ. ಹಾಳೆ ಎದುರಿಗಿರುವುದರಿಂದ ಕೆಳಗಿನ ತೂತು ಕಾಣುವುದೇ ಇಲ್ಲ. ಹಾಗಾಗಿ ಮುಚ್ಚಳಕ್ಕೆ ಮೊಳೆ ಹೊಡೆಯಿರಿ, ಮೇಲೆ ದೊಡ್ಡದಾಗಿ ‘ತೂತು – ತೆಗೆಯಬೇಡಿ’ ಅಂತ ಬರೆಸಿ. ಓದಲು ಬಾರದವರಿಗಾಗಿ ಕೆಂಪು ಬಣ್ಣದಲ್ಲಿ ಅಡ್ಡ ಗೀಟು ಎಳೆಯಿರಿ. ದೊಡ್ಡ ತೂತಿಗೆ ಸುತ್ತ ರೇಲಿಂಗ್ ಹಾಕಿಸಿ.

ಏಣಿ ಬಗ್ಗೆ ಎರಡೇ ಮಾತು. ನಾಲ್ಕು ಮೀಟರ್ ಎತ್ತರಕ್ಕೆ ಬುಡ ಒಂದು ಮೀಟರ್ ದೂರ ಇರಲಿ. ತುದಿ ಮೇಲಿನ ಅಂಚಿಗಿಂತ ಒಂದು ಮೀಟರ್ ಜಾಸ್ತಿ ಇರಲಿ, ಕಟ್ಟಿರಲಿ.

ಈಗ ನೆಲದಿಂದ ಕೆಳಕ್ಕೆ. ಪಾಯ, ಪೈಪ್‌ಲೈನ್ ತೋಡುವಾಗ ಜನ ಅಷ್ಟಾಗಿ ಹೆದರುವುದಿಲ್ಲ. ಮಣ್ಣು ತಾನೇ ಅನ್ನುತ್ತಾರೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಜಾಸ್ತಿ ತೂಗುತ್ತದೆ. ಎದೆಯವರೆಗೆ ಮಣ್ಣು ಕುಸಿದರೆ ತಲೆ ಹೊರಗಿದ್ದರೂ ಉಸಿರು ಬಿಟ್ಟ ಮೇಲೆ ಎದೆ ಮತ್ತೆ ಹಿಗ್ಗುವುದಿಲ್ಲ. ಎದೆ ಮಟ್ಟಕ್ಕಿಂತ ಆಳ ತೋಡುವುದಾದರೆ, ಅಂದರೆ ಹೆಚ್ಚುಕಡಿಮೆ 1.2ರಿಂದ 1.5 ಮೀಟರ್ ದಾಟಿದರೆ, ಪಕ್ಕಗಳನ್ನು ಇಳಿಜಾರು ಮಾಡಿ ಅಥವಾ ಹಲಗೆ, ಅಡ್ಡಗಂಬ ಕೊಟ್ಟು ತಡೆಯಿರಿ. ಸಡಿಲ ಮಣ್ಣು, ಹಿಂದೆ ತುಂಬಿಸಿದ ಮಣ್ಣು, ನೀರು ಜಿನುಗುವ ಜಾಗ ಆದರೆ ಅದಕ್ಕಿಂತ ಕಡಿಮೆ ಆಳದಲ್ಲೂ ಬಿಡಬೇಡಿ. ತೋಡಿದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಿದರೆ ಅದರ ಭಾರವೇ ಗೋಡೆಯನ್ನು ತಳ್ಳುತ್ತದೆ. ಕನಿಷ್ಠ 60 ಸೆಂಟಿಮೀಟರ್ ದೂರ ಹಾಕಿಸಿ, ಲಾರಿ ಇನ್ನೂ ದೂರ ನಿಲ್ಲಲಿ. ಒಳಗೆ ಏಣಿ ಇರಲೇಬೇಕು. ಕುಸಿದಾಗ ಯಂತ್ರ ಹಾಕಿ ತೋಡಲು ಹೋಗುವುದು ಹೂತವರನ್ನೇ ಕತ್ತರಿಸುವ ಅಪಾಯದ ಕೆಲಸ. ಉಳಿದ ಗೋಡೆಯೂ ಕುಸಿಯಬಹುದು.

ನೀವು ಕೇಳದ ಒಂದು ಅಪಾಯ ಹೇಳಲೇಬೇಕು. ನೆಲದಡಿಯ ನೀರಿನ ತೊಟ್ಟಿಗೆ ಸ್ಲ್ಯಾಬ್ ಹಾಕಿ ಕೆಲವು ವಾರ ಬಿಟ್ಟು ಒಳಗಿನ ಸೆಂಟ್ರಿಂಗ್ ಹಲಗೆ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಆಧಾರಕ್ಕೆ ಕೊಟ್ಟಿದ್ದು) ತೆಗೆಯಲು ಇಳಿಯುತ್ತಾರಲ್ಲ, ಆಗ. ಹೊಸ ತೊಟ್ಟಿ, ಕೊಳಕು ಇಲ್ಲ, ವಾಸನೆ ಇಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಮುಚ್ಚಿದ ಜಾಗದಲ್ಲಿ ಒದ್ದೆ ಮರ ಕೊಳೆಯುತ್ತಾ ಗಾಳಿಯಲ್ಲಿನ ಆಮ್ಲಜನಕವನ್ನು ತಿಂದುಹಾಕಿರುತ್ತದೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ 20.9 ಇರುತ್ತದೆ. ಶೇ 19.5ಕ್ಕಿಂತ ಇಳಿದರೆ ಒಳಗೆ ಹೋಗಬಾರದು ಅನ್ನುವುದು ಬಹಳ ಕಡೆ ಒಪ್ಪಿದ ನಿಯಮ. ತುಂಬಾ ಕಡಿಮೆ ಇದ್ದರೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಕೂಗಲೂ ಆಗುವುದಿಲ್ಲ. ಮೇಲಿದ್ದವರು ಜಾರಿ ಬಿದ್ದರೇನೋ ಅಂದುಕೊಂಡು ಇಳಿಯುತ್ತಾರೆ. ಅವರ ಹಿಂದೆ ಮತ್ತೊಬ್ಬರು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ 1986ರಲ್ಲೇ ಎಚ್ಚರಿಸಿತ್ತು, ಇಂಥ ಜಾಗಗಳಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಾಪಾಡಲು ಇಳಿದವರು ಎಂದು. ಮುಚ್ಚಳಗಳನ್ನು ಪೂರ್ತಿ ತೆಗೆದು ಬ್ಲೋವರ್‌ನಿಂದ ಒಳಗೆ ಗಾಳಿ ಹಾಕಿ. ಗ್ಯಾಸ್ ಮೀಟರಿನಿಂದ ಅಳೆಯಿರಿ. ದೀಪ ಹಚ್ಚಿ ಇಳಿಬಿಡುವ ಹಳೆಯ ಪರೀಕ್ಷೆ ನಂಬಬೇಡಿ, ಉರಿಯುವ ಅನಿಲ ಇದ್ದರೆ ಸ್ಫೋಟವಾಗುತ್ತದೆ. ಇಳಿಯುವವರಿಗೆ ಹಾರ್ನೆಸ್ ಹಾಕಿ, ಹಗ್ಗದ ತುದಿಯನ್ನು ಮೇಲೆ ಎಳೆಯುವ ವ್ಯವಸ್ಥೆಗೆ ಕಟ್ಟಿ. ನೀವು ತರಿಸುವ ಹಾರ್ನೆಸ್ ಅತ್ಯಂತ ಉಪಯೋಗಕ್ಕೆ ಬರುವುದು ಇಲ್ಲೇ. ಇನ್ನೊಂದು ಮಾತು, ತೊಟ್ಟಿಯ ನೀರು ಖಾಲಿ ಮಾಡಲು ಪೆಟ್ರೋಲಿನಲ್ಲಿ ಓಡುವ ಪಂಪನ್ನು ಒಳಗೆ ಇಳಿಸಬೇಡಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕರೆಂಟಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಇದೆ. ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಟ್ರಿಪ್ ಆಗುತ್ತದೆ ಅನ್ನುತ್ತಾರೆ. ಮನುಷ್ಯನ ಹೃದಯದ ಲಯ ತಪ್ಪಿಸಲು 100 ಮಿಲಿಆಂಪಿಯರ್ ಸಾಕು. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅದು ಇರುವುದು ವೈರು ಸುಡದಿರಲಿ ಎಂದು. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್. ಸೈಟಿನ ಎಲ್ಲ ಕೈಯಂತ್ರಗಳ ಲೈನೂ ಅದರ ಮೂಲಕವೇ ಹೋಗಲಿ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಒದ್ದೆ ಕಾಂಕ್ರೀಟಿನಲ್ಲಿ ನಿಂತು ವೈಬ್ರೇಟರ್ ಹಿಡಿಯುವವರಿಗೆ ಇದು ಜೀವದ ಪ್ರಶ್ನೆ. ಪ್ಲಗ್ ಇಲ್ಲದೆ ಬರೀ ವೈರನ್ನು ಸಾಕೆಟ್ಟಿಗೆ ತುರುಕುವುದು, ಜಾಯಿಂಟನ್ನು ನೀರಲ್ಲಿ ಬಿಡುವುದು ಕಂಡರೆ ಅಲ್ಲೇ ನಿಲ್ಲಿಸಿ. ಹತ್ತಿರದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಕಂಬಿ ಮೇಲೆತ್ತುವ ಜಾಗವನ್ನೇ ಬದಲಿಸಿ. 12 ಮೀಟರಿನ ಕಂಬಿ ಹೆಗಲ ಮೇಲಿದ್ದಾಗ ಹಿಂದಿನ ತುದಿ ಎಲ್ಲಿ ತಿರುಗುತ್ತದೆ ಅಂತ ಮುಂದಿನವರಿಗೆ ಗೊತ್ತಾಗುವುದಿಲ್ಲ. ಸಾಮಾನ್ಯ ತಂತಿಗಳಿಂದ ಕನಿಷ್ಠ 3 ಮೀಟರ್ ದೂರ ಬೇಕು. ಹೆಚ್ಚು ವೋಲ್ಟೇಜಿನದಾದರೆ ಇನ್ನೂ ದೂರ.

ಸೆಂಟ್ರಿಂಗ್ ಬೇಗ ತೆಗೆಯುವ ಆಸೆಯ ಬಗ್ಗೆ ಒಂದು ಘಟನೆ ಹೇಳುತ್ತೇನೆ. 1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲ್ಲೋ ಐಲೆಂಡ್‌ನಲ್ಲಿ ಕೂಲಿಂಗ್ ಟವರ್ ಕಟ್ಟುತ್ತಿದ್ದರು. ಸಾರ್ವೆಯನ್ನು ಟವರಿನ ಕಾಂಕ್ರೀಟಿಗೇ ಬಿಗಿದಿದ್ದರು. ಹಿಂದಿನ ದಿನ ಹಾಕಿದ ಕಾಂಕ್ರೀಟಿಗೆ ಇನ್ನೂ ಬಲ ಬಂದಿರಲಿಲ್ಲ. ಅದರ ಮೇಲೆ ಮುಂದಿನ ಹಂತದ ಭಾರ ಬಿತ್ತು, ಎಲ್ಲ ಕಳಚಿಕೊಂಡು ಬಂತು. ಸಾರ್ವೆಯ ಮೇಲಿದ್ದ 51 ಮಂದಿಯೂ ಸತ್ತರು. ಕಾಂಕ್ರೀಟು ಮೇಲಿಂದ ಗಟ್ಟಿ ಕಂಡರೂ ಒಳಗಿನ ಬಲ ನಿಧಾನವಾಗಿ ಬರುತ್ತದೆ, ಚಳಿಯಲ್ಲಿ ಇನ್ನೂ ನಿಧಾನ. ಸೆಂಟ್ರಿಂಗ್ ಬಿಚ್ಚುವ ದಿನವನ್ನು ಎಂಜಿನಿಯರ್ ಹೇಳಲಿ, ಹಲಗೆ ಬಾಡಿಗೆಗೆ ಕೊಟ್ಟವರಲ್ಲ.

ಇನ್ನು ಕೆಮ್ಮು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮರಳು, ಜಲ್ಲಿ, ಗ್ರಾನೈಟ್, ಕಾಂಕ್ರೀಟ್, ಟೈಲ್ಸ್, ಇಟ್ಟಿಗೆ ಎಲ್ಲದರಲ್ಲೂ ಸಿಲಿಕಾ ಇರುತ್ತದೆ. ಕತ್ತರಿಸುವಾಗ, ತೂತು ಕೊರೆಯುವಾಗ, ಉಜ್ಜುವಾಗ ಅದು ದೂಳಾಗುತ್ತದೆ. ಕಣ್ಣಿಗೆ ಕಾಣುವ ದಪ್ಪ ದೂಳು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಹಾನಿ ಮಾಡುವುದು 10 ಮೈಕ್ರಾನಿಗಿಂತ ಸಣ್ಣ ಕಣಗಳು. ಕಾಣದೆ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಾ ಶ್ವಾಸಕೋಶದ ತಳಕ್ಕೆ ಹೋಗುತ್ತವೆ. ಅಲ್ಲಿ ಗಾಯದ ಕಲೆ ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿಮಾಡುವ ಔಷಧಿ ಇಲ್ಲ. ದೂಳಿನಿಂದ ದೂರ ಬಂದ ಮೇಲೂ ಕಾಯಿಲೆ ಮುಂದುವರಿಯಬಹುದು. ಕ್ಷಯ ಬರುವ ಸಾಧ್ಯತೆಯೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಈ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ ನಿಜ. ಆದರೆ ದೂಳು ವಿಪರೀತ ಇದ್ದರೆ ತಿಂಗಳುಗಳೇ ಸಾಕು. 1930ರಲ್ಲಿ ಶುರುವಾದ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗದಲ್ಲಿ ಸಿಲಿಕಾ ತುಂಬಿದ ಬಂಡೆಯನ್ನು ನೀರು ಹಾಕದೆ ಒಣದಾಗಿಯೇ ಕೊರೆಸಿದರು. ನೂರಾರು ಕೆಲಸಗಾರರು ಸತ್ತರು.

ಉಪಾಯ ಹಳೆಯದೇ, ನೀರು. ಕತ್ತರಿಸುವ ಜಾಗಕ್ಕೆ ನೀರು ಬೀಳುತ್ತಿದ್ದರೆ ದೂಳು ಏಳುವುದೇ ತುಂಬಾ ಕಡಿಮೆಯಾಗುತ್ತದೆ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಸಾಮಾನ್ಯ ಹ್ಯಾಂಡ್ ಗ್ರೈಂಡರ್‌ಗೆ ಪಕ್ಕದಿಂದ ಪೈಪಲ್ಲಿ ನೀರು ಬಿಡಿಸಿದರೆ ದೂಳು ತಪ್ಪಿಸಲು ಹೋಗಿ ಶಾಕ್ ತಂದುಕೊಂಡ ಹಾಗಾಗುತ್ತದೆ. ನೀರಿನ ಸಂಪರ್ಕ ಇರುವಂತೆಯೇ ತಯಾರಾದ ಕಟರ್ ತನ್ನಿ, ಆರ್‌ಸಿಸಿಬಿ ಮೂಲಕವೇ ಓಡಿಸಿ. ನೀರು ಆಗದ ಕಡೆ ದೂಳು ಎಳೆದುಕೊಳ್ಳುವ ವ್ಯಾಕ್ಯೂಮ್ ಜೋಡಿಸಿದ ಯಂತ್ರ ಬಳಸಿ. ಕೆಲಸ ಮುಗಿದ ಮೇಲೆ ಒಣ ಪೊರಕೆಯಿಂದ ಗುಡಿಸುವುದು ಕೂತ ದೂಳನ್ನು ಎಬ್ಬಿಸಿ ಎಲ್ಲರಿಗೂ ಹಂಚುವ ಕೆಲಸ, ಮೊದಲು ನೀರು ಚಿಮುಕಿಸಿ. ಮುಖಕ್ಕೆ ಟವಲ್ ಕಟ್ಟಿದರೆ ಸೂಕ್ಷ್ಮ ಕಣ ನಿಲ್ಲುವುದಿಲ್ಲ. ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್ ಬೇಕು. ಮುಖಕ್ಕೆ ಅಂಟಿ ಕೂರಬೇಕು. ದಟ್ಟ ಗಡ್ಡ ಇದ್ದರೆ ಅಂಚಿನಿಂದ ಗಾಳಿ ಸೋರುತ್ತದೆ. ಕೆಮ್ಮು ಇರುವವರನ್ನು ವೈದ್ಯರ ಹತ್ತಿರ ಕಳಿಸಿ. ಯಾವ ಕೆಲಸ, ಎಷ್ಟು ವರ್ಷದಿಂದ ಅನ್ನುವುದನ್ನು ವೈದ್ಯರಿಗೆ ತಪ್ಪದೆ ಹೇಳಲಿ. ಅದು ಗೊತ್ತಾಗದಿದ್ದರೆ ಮಾಮೂಲಿ ಕೆಮ್ಮು ಅಂತಲೇ ಔಷಧಿ ಬರೆದು ಕಳಿಸುವುದುಂಟು.

ಹಳೆಯ ಕಟ್ಟಡ ಕೆಡವುವ ಕೆಲಸ ಹಿಡಿದರೆ ಆಸ್ಬೆಸ್ಟಾಸ್ ಶೀಟುಗಳನ್ನು ಒಡೆಯಬೇಡಿ, ಗರಗಸ ಹಾಕಬೇಡಿ. ಒದ್ದೆ ಮಾಡಿ ಇಡಿಯಾಗಿ ಇಳಿಸಿ. ಅದರ ನಾರಿನಿಂದ ಬರುವ ಕ್ಯಾನ್ಸರ್ 20ರಿಂದ 50 ವರ್ಷ ಕಳೆದ ಮೇಲೂ ಕಾಣಿಸಿಕೊಳ್ಳುತ್ತದೆ. ಅಂಥ ಶೀಟಿನ ಮೇಲೆ ನಡೆದರೆ ಮುರಿದು ಬೀಳುವುದು ಬೇರೆ.

ಚರ್ಮ ಸುಲಿಯುವುದು ಸಿಮೆಂಟಿನಿಂದ. ಒದ್ದೆ ಸಿಮೆಂಟಿನ ಪಿಎಚ್ 12ರಿಂದ 13, ಅಂದರೆ ತೀವ್ರ ಕ್ಷಾರ. ತೊಂದರೆ ಏನೆಂದರೆ ಆಗಲೇ ಉರಿಯುವುದಿಲ್ಲ. ಕಾಂಕ್ರೀಟಿನಲ್ಲಿ ಮಂಡಿಯೂರಿ ಕೆಲಸ ಮಾಡಿದವರಿಗೆ, ಬೂಟಿನೊಳಗೆ ಗಾರೆ ಹೋದವರಿಗೆ ಗಂಟೆಗಳ ನಂತರ ನೋವು ಶುರುವಾಗುತ್ತದೆ. ಅಷ್ಟರಲ್ಲಿ ಚರ್ಮ ಆಳದವರೆಗೆ ಸುಟ್ಟಿರುತ್ತದೆ. ಇದಲ್ಲದೆ ಸಿಮೆಂಟಿನಲ್ಲಿರುವ ಕ್ರೋಮಿಯಂನಿಂದ ಅಲರ್ಜಿ ಬರುತ್ತದೆ. ಒಮ್ಮೆ ಬಂದರೆ ಜೀವನವಿಡೀ ಉಳಿಯಬಹುದು, ಎಷ್ಟೋ ಮೇಸ್ತ್ರಿಗಳು ಕಸುಬನ್ನೇ ಬಿಡಬೇಕಾಗುತ್ತದೆ. ನೀವು ಕೊಟ್ಟ ಗ್ಲೌಸ್ ಬಟ್ಟೆಯದ್ದಾ? ಹಾಗಿದ್ದರೆ ಅದು ನೀರು ಹೀರಿ ಸಿಮೆಂಟನ್ನು ಚರ್ಮಕ್ಕೆ ಅಂಟಿಸಿಡುತ್ತದೆ, ಹಾಕಿಕೊಳ್ಳದಿರುವುದಕ್ಕಿಂತ ಕೆಡುಕು. ನೈಟ್ರೈಲ್ ರಬ್ಬರಿನ ಗ್ಲೌಸ್, ಮಂಡಿಯವರೆಗಿನ ಗಮ್‌ಬೂಟು ಕೊಡಿಸಿ. ಕೈ ತೊಳೆಯಲು ಶುದ್ಧ ನೀರು ಇಡಿ. ಪಾತ್ರೆ, ಕರಣೆ ತೊಳೆಯುವ ಡ್ರಮ್ಮಿನ ನೀರಿನಲ್ಲೇ ಕೈ ತೊಳೆದರೆ ಅದೇ ಕ್ಷಾರ ಮತ್ತೆ ಮೈಗೆ ಹತ್ತುತ್ತದೆ. ಕಣ್ಣಿಗೆ ಹಾರಿದರೆ ಹರಿಯುವ ನೀರಲ್ಲಿ 20 ನಿಮಿಷ ತೊಳೆದು ವೈದ್ಯರ ಬಳಿ ಕರೆದೊಯ್ಯಿರಿ.

ಬಿಸಿಲಿನ ದಿನಗಳಲ್ಲಿ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಬಾಯಾರಿಕೆ ಆಗಲಿ ಅಂತ ಕಾಯಬಾರದು. ಬಿಸಿಲಿಗೆ ಜಾಸ್ತಿ ಬಲಿಯಾಗುವವರು ಹೊಸದಾಗಿ ಸೇರಿದವರು ಮತ್ತು ರಜೆ ಮುಗಿಸಿ ಬಂದವರು, ಅದೂ ಮೊದಲ ಕೆಲವು ದಿನಗಳಲ್ಲಿ. ದೇಹ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಐದನೇ ಒಂದು ಭಾಗ ಮಾತ್ರ ಕೊಟ್ಟು ದಿನಾ ಅಷ್ಟಷ್ಟೇ ಹೆಚ್ಚಿಸಿ. ಯಾರಾದರೂ ತೊದಲಿದರೆ, ಗೊಂದಲದಲ್ಲಿ ಮಾತಾಡಿದರೆ, ಕುಸಿದರೆ ಬಿಸಿಲಿನ ಆಘಾತ ಅಂತಲೇ ತಿಳಿಯಿರಿ. ಬೆವರುತ್ತಿದ್ದಾರಲ್ಲ, ಏನೂ ಆಗಿಲ್ಲ ಅನ್ನಬೇಡಿ, ಬೆವರಿದ್ದರೂ ಆಘಾತ ಆಗಿರಬಹುದು. ಆಂಬುಲೆನ್ಸಿಗೆ ಹೇಳಿ, ಅದು ಬರುವವರೆಗೆ ನೆರಳಿಗೆ ತಂದು ಮೈ ತುಂಬಾ ತಣ್ಣೀರು ಸುರಿಯುತ್ತಲೇ ಇರಿ. ತಣಿಸುವುದು ತಡವಾದಷ್ಟೂ ಜೀವಕ್ಕೆ ಅಪಾಯ.

ಸದ್ದು, ಕಂಪನ, ಭಾರ ಕೊಲ್ಲುವುದಿಲ್ಲ, ಆದರೆ ಮನುಷ್ಯನನ್ನು ಸವೆಸುತ್ತವೆ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆದುಕೊಳ್ಳಬಹುದು ಅನ್ನುತ್ತದೆ ನಿಯೋಷ್. ಪ್ರತಿ 3 ಡೆಸಿಬೆಲ್ ಹೆಚ್ಚಿದರೆ ಸಮಯ ಅರ್ಧ. ಹಾಗೆ ಲೆಕ್ಕ ಹಾಕಿದರೆ 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ. ಗ್ರೈಂಡರ್, ಕಾಂಕ್ರೀಟ್ ಒಡೆಯುವ ಬ್ರೇಕರ್ ಸುಲಭವಾಗಿ ಆ ಮಟ್ಟ ಮುಟ್ಟುತ್ತವೆ. ಒಂದು ಮೀಟರ್ ದೂರದವರ ಜೊತೆ ಕೂಗಿ ಮಾತಾಡಬೇಕಾದರೆ ಕಿವಿಗೆ ರಕ್ಷಣೆ ಬೇಕು ಅಂತಲೇ ಅರ್ಥ. ಬ್ರೇಕರ್ ಹಿಡಿಯುವವರ ಬೆರಳು ತಣ್ಣಗಿನ ಹೊತ್ತಲ್ಲಿ ಬೆಳ್ಳಗಾಗಿ ಜುಮುಗುಟ್ಟಿದರೆ ಕಂಪನದಿಂದ ರಕ್ತನಾಳ, ನರ ಕೆಟ್ಟಿವೆ, ಆ ಕೆಲಸದಿಂದ ಬಿಡಿಸಿ. ಭಾರದ ವಿಷಯ ಎಲ್ಲರಿಗೂ ಗೊತ್ತು, ಯಾರೂ ಬದಲಿಸುವುದಿಲ್ಲ. ಅನುಕೂಲವಾದ ಭಂಗಿಯಲ್ಲೂ 23 ಕಿಲೋ ಮೇಲ್ಮಿತಿ ಅನ್ನುವುದು ನಿಯೋಷ್ ಲೆಕ್ಕ. ಸಿಮೆಂಟ್ ಚೀಲ 50 ಕಿಲೋ. ಹಲವು ದೇಶಗಳಲ್ಲಿ 25 ಕಿಲೋದ ಚೀಲ ಬಂದಿದೆ. ನಿಮಗೆ ಅದು ಸಿಗದಿದ್ದರೆ ತಳ್ಳುಗಾಡಿ, ರಾಟೆ ಬಳಸಿ.

ಇಷ್ಟೆಲ್ಲ ಒಂದೇ ದಿನ ಆಗುವುದಿಲ್ಲ ಅಂತ ನನಗೂ ಗೊತ್ತು. ಈ ವಾರ ಸಾರ್ವೆಯ ರೇಲಿಂಗ್, ತೂತಿನ ಮುಚ್ಚಳ, ಆರ್‌ಸಿಸಿಬಿ ಈ ಮೂರನ್ನು ಮುಗಿಸಿ. ಜೊತೆಗೆ ಖರ್ಚಿಲ್ಲದ ಒಂದು ಕೆಲಸ ಇದೆ. ಜಾಗ ಸರಿಯಿಲ್ಲ ಅನ್ನಿಸಿದರೆ ಯಾರು ಬೇಕಾದರೂ ಇಳಿದು ಬರಬಹುದು, ಆ ದಿನದ ಕೂಲಿ ಮುರಿಯುವುದಿಲ್ಲ ಅಂತ ಎಲ್ಲರ ಎದುರು ಹೇಳಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1988ರ ಕಟ್ಟಡ ಕೆಲಸದ ಒಪ್ಪಂದ, ಜೀವಕ್ಕೆ ಗಂಭೀರ ಅಪಾಯ ಎದುರಿಗಿದೆ ಅನ್ನಿಸಿದಾಗ ಅಲ್ಲಿಂದ ಹೊರಬರುವುದನ್ನು ಕೆಲಸಗಾರರ ಹಕ್ಕು ಎಂದೇ ಹೇಳುತ್ತದೆ. ಚದರಡಿ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಈ ಮಾತು ಇನ್ನೂ ಮುಖ್ಯ. ಅಲ್ಲಿ ರೇಲಿಂಗ್ ಕಟ್ಟಲು ಹೋದ ಒಂದು ಗಂಟೆ ಕೆಲಸಗಾರರ ಜೇಬಿನಿಂದಲೇ ಹೋಗುತ್ತದೆ. ಆ ಗಂಟೆಯ ಕೂಲಿಯನ್ನು ನೀವು ಬೇರೆಯಾಗಿ ಕೊಡಬೇಕು.

ಕಾಲು ಮುರಿದುಕೊಂಡವರನ್ನು ಅವತ್ತು ಹೇಗೆ ಸಾಗಿಸಿದಿರಿ ಅಂತ ಬರೆದಿಲ್ಲ. ಮೇಲಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು. ಬೆನ್ನುಮೂಳೆಗೆ ಏಟಾಗಿದ್ದರೆ ಆ ಎತ್ತುವಿಕೆಯಲ್ಲೇ ನರ ತುಂಡಾಗಬಹುದು. ಬೇರೆ ಅಪಾಯ ಇಲ್ಲದಿದ್ದರೆ ಬಿದ್ದಲ್ಲೇ ಅಲುಗಾಡಿಸದೆ ಇರಿಸಿ, ಕುತ್ತಿಗೆ ತಿರುಗದ ಹಾಗೆ ಒಬ್ಬರು ತಲೆ ಹಿಡಿದುಕೊಳ್ಳಲಿ, ರಕ್ತ ಬರುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಸೈಟಿನ ಪೂರ್ತಿ ವಿಳಾಸ ಮತ್ತು ಆಂಬುಲೆನ್ಸ್ ನಂಬರನ್ನು ಗೇಟಿನ ಬಳಿ ದೊಡ್ಡದಾಗಿ ಬರೆಸಿಡಿ. ಯಾರು ಫೋನ್ ಮಾಡಬೇಕು, ಯಾರು ರಸ್ತೆಗೆ ಹೋಗಿ ದಾರಿ ತೋರಿಸಬೇಕು ಅನ್ನುವುದು ಇವತ್ತೇ ಗೊತ್ತಾಗಿರಲಿ.